ಅಪಘಾತದ ಜಾಗಕ್ಕೆ ಎಂಜಿನಿಯರೂ ಬರಲಿ: ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಹಾಸನ.

ಮಾನ್ಯರೇ,

ನಮ್ಮ ಜಿಲ್ಲೆಯ ಯಾವುದಾದರೂ ರಸ್ತೆಯಲ್ಲಿ ಅಪಘಾತವಾಗಿ ಜೀವ ಹೋದಾಗ ಆ ಜಾಗಕ್ಕೆ ಯಾರು ಯಾರು ಬರುತ್ತಾರೆ ಎಂಬುದು ಇಲ್ಲಿ ಬದುಕುವ ಎಲ್ಲರಿಗೂ ಗೊತ್ತಿದೆ. ಮೊದಲು ಅಕ್ಕಪಕ್ಕದ ಹೊಲ, ಅಂಗಡಿಗಳಲ್ಲಿದ್ದವರು ಓಡಿ ಬರುತ್ತಾರೆ, ಆಮೇಲೆ ಆಂಬುಲೆನ್ಸ್ ಬರುತ್ತದೆ, ಪೊಲೀಸರು ಬಂದು ಮಹಜರು ಮಾಡುತ್ತಾರೆ, ಕ್ರೇನ್ ಬಂದು ನುಜ್ಜುಗುಜ್ಜಾದ ವಾಹನವನ್ನು ಠಾಣೆಯ ಆವರಣಕ್ಕೆ ಎಳೆದೊಯ್ಯುತ್ತದೆ. ಆ ರಸ್ತೆಯನ್ನು ಕಟ್ಟಿಸಿದ, ಅದರ ನಿರ್ವಹಣೆಯ ಹೊಣೆ ಹೊತ್ತ ಇಲಾಖೆಯ ಎಂಜಿನಿಯರ್ ಮಾತ್ರ ಜನರ ಕಣ್ಣಿಗೆ ಬೀಳುವುದು ಬಹಳ ಅಪರೂಪ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಮುಖ್ಯವಾಗಿ ಒಂದೇ ವಿಷಯ. ಜಿಲ್ಲೆಯಲ್ಲಿ ಸಂಭವಿಸುವ ಪ್ರತಿಯೊಂದು ರಸ್ತೆ ಸಾವಿನ ನಂತರ, ಒಂದು ತಿಂಗಳು ತುಂಬುವುದರೊಳಗೆ, ಆ ರಸ್ತೆಯ ಇಲಾಖೆಯ ಎಂಜಿನಿಯರ್, ಪೊಲೀಸ್ ಅಧಿಕಾರಿ ಮತ್ತು ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರು ಒಟ್ಟಾಗಿ ಆ ಜಾಗದಲ್ಲಿ ನಿಂತು, ರಸ್ತೆಯ ಯಾವ ಕೊರತೆ ಈ ಸಾವಿಗೆ ನೆರವಾಯಿತು ಎಂದು ಬರೆದು, ಅದನ್ನು ಸರಿಪಡಿಸಲು ಒಂದು ದಿನಾಂಕ ಗೊತ್ತುಮಾಡಿ, ಆ ಬರಹವನ್ನು ಸಾರ್ವಜನಿಕರ ಮುಂದಿಡಬೇಕು.

ನಾನು ಇದೇ ಊರಿನಲ್ಲಿ ಬಹುಕಾಲ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೆದ್ದಾರಿ ನಿರ್ಮಾಣದ ಪಾಠ ಹೇಳಿ ನಿವೃತ್ತನಾದವನು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಲೋಕೋಪಯೋಗಿ ಇಲಾಖೆಯಲ್ಲಿಯೂ ಗುತ್ತಿಗೆದಾರರ ಬಳಿಯೂ ಕೆಲಸ ಮಾಡುತ್ತಿದ್ದಾರೆ. ಆದ್ದರಿಂದ ಇದನ್ನು ಯಾರ ಮೇಲಿನ ಕೋಪದಿಂದಲೂ ಬರೆಯುತ್ತಿಲ್ಲ. ನಾವು ತರಗತಿಯಲ್ಲಿ ಕಲಿಸಿದ, ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪುಸ್ತಕಗಳಲ್ಲಿ ಅಚ್ಚಾಗಿರುವ, ಸರ್ಕಾರವೇ ಒಪ್ಪಿಕೊಂಡಿರುವ ನಿಯಮಗಳು ನಮ್ಮೂರಿನ ಬಿ.ಎಂ. (ಬೆಂಗಳೂರು ಮಂಗಳೂರು) ರಸ್ತೆಯವರೆಗೂ ಹೊಳೆನರಸೀಪುರ ರಸ್ತೆಯವರೆಗೂ ಬಂದು ತಲುಪುತ್ತಿಲ್ಲವಲ್ಲ ಎಂಬ ಸಂಕಟದಿಂದ ಬರೆಯುತ್ತಿದ್ದೇನೆ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕರ್ನಾಟಕವೊಂದರಲ್ಲೇ ಸತ್ತವರು 11,702. ದೇಶದಲ್ಲಿ ಸತ್ತವರ ಪೈಕಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಸುಮಾರು 19 ಮಂದಿ ಕಾಲ್ನಡಿಗೆಯವರು. ಅಂದರೆ ಮೂರು ಸಾವುಗಳಲ್ಲಿ ಸರಿಸುಮಾರು ಎರಡು, ಸುತ್ತ ಕಬ್ಬಿಣದ ತಗಡಿನ ರಕ್ಷಣೆಯೂ ಇಲ್ಲದೆ ರಸ್ತೆಗಿಳಿದವರದು. ಹಾಸನದಂತಹ ಊರಿಗೆ ಈ ಅಂಕಿ ಇನ್ನೂ ಹತ್ತಿರದ್ದು, ಏಕೆಂದರೆ ಇಲ್ಲಿ ಹಾಲು ಹಾಕುವವರಿಂದ ಹಿಡಿದು ಕಾಲೇಜಿಗೆ ಹೋಗುವವರ ತನಕ ಬಹುಪಾಲು ಜನರ ಓಡಾಟ ಬೈಕು ಸ್ಕೂಟರುಗಳಲ್ಲೇ ನಡೆಯುತ್ತದೆ.

ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಈಚಿನ ಕೆಲವು ದಿನಾಂಕಗಳನ್ನು ಯಾರೂ ಮರೆತಿರಲಾರರು. 2022ರ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ, ಕ್ಷೇತ್ರದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರ ಟೆಂಪೋ ಟ್ರಾವೆಲರ್ ಬಸ್ಸಿಗೂ ಹಾಲಿನ ವಾಹನಕ್ಕೂ ನಡುವೆ ಸಿಲುಕಿ ಒಂಬತ್ತು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. 2024ರ ಮೇ 26ರಂದು ಹಾಸನದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಮಂಗಳೂರಿನ ಕಡೆಯಿಂದ ಹಿಂದಿರುಗುತ್ತಿದ್ದ ಕುಟುಂಬದ ಕಾರು ವಿಭಜಕ ದಾಟಿ ಎದುರಿನ ಲಾರಿಗೆ ಅಪ್ಪಳಿಸಿ ಆರು ಜನ ಸತ್ತರು. ಅದೇ ವರ್ಷ ಡಿಸೆಂಬರ್ ಮೊದಲ ದಿನ ಕಿತ್ತಾನೆ ಬಳಿ, ಹೊಳೆನರಸೀಪುರದಲ್ಲಿ ಕೆಲಸಕ್ಕೆ ಹಾಜರಾಗಲು ಬರುತ್ತಿದ್ದ ಯುವ ಐಪಿಎಸ್ ಅಧಿಕಾರಿಯೊಬ್ಬರ ಜೀಪು ಹತೋಟಿ ತಪ್ಪಿ ಮರಕ್ಕೆ ಬಡಿದು ಅವರು ತೀರಿಕೊಂಡರು. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಅಂದು ಹೋದವರಲ್ಲಿ ಎಂಜಿನಿಯರಿಂಗ್ ಓದಲು ದೂರದ ಜಿಲ್ಲೆಗಳಿಂದ ಇಲ್ಲಿಗೆ ಬಂದಿದ್ದ ಹುಡುಗರಿದ್ದರು. ಇಂಥವು ನಡೆದಾಗ ಇಡೀ ರಾಜ್ಯ ಇತ್ತ ತಿರುಗಿ ನೋಡುತ್ತದೆ, ಪರಿಹಾರ ಘೋಷಣೆಯಾಗುತ್ತದೆ. ಆದರೆ ಜಿಲ್ಲೆಯ ರಸ್ತೆಗಳಲ್ಲಿ ಹೆಚ್ಚಿನವರು ಸಾಯುವುದು ಹೀಗೆ ಗುಂಪಿನಲ್ಲಿ ಅಲ್ಲ, ಒಬ್ಬೊಬ್ಬರಾಗಿ, ಪತ್ರಿಕೆಯ ಒಳಪುಟದ ನಾಲ್ಕು ಸಾಲಿನ ಸುದ್ದಿಯಾಗಿ.

ಆ ನಾಲ್ಕು ಸಾಲುಗಳ ಕೊನೆಯಲ್ಲಿ ಬಹುತೇಕ ಒಂದೇ ವಿವರಣೆ ಇರುತ್ತದೆ: ಚಾಲಕನ ಅತಿವೇಗ ಮತ್ತು ಅಜಾಗರೂಕತೆ. ದೂರು ದಾಖಲಾಗುವುದೂ ಅದೇ ಮಾತಿನಲ್ಲಿ. ಹಿಂದೆ ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಕಲಂಗಳಡಿ ಬರೆಯುತ್ತಿದ್ದುದನ್ನು ಈಗ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೇ ಕಲಂಗಳಡಿ ಬರೆಯಲಾಗುತ್ತಿದೆ. ಚಾಲಕನ ತಪ್ಪು ಇರುವುದಿಲ್ಲವೆಂದು ನಾನು ಹೇಳುವುದಿಲ್ಲ. ಸಚಿವಾಲಯದ ಅದೇ ವರದಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಸಾವುಗಳನ್ನು ಅತಿವೇಗದ ಲೆಕ್ಕಕ್ಕೆ ಸೇರಿಸಿದೆ. ಕುಡಿದು ಓಡಿಸುವವರು, ಮೊಬೈಲು ನೋಡುತ್ತ ಓಡಿಸುವವರು, ಎದುರಿನವರ ಕಣ್ಣಿಗೆ ಹೈ ಬೀಮ್ ಬಿಟ್ಟುಕೊಂಡೇ ಬರುವವರು ನಮ್ಮಲ್ಲಿ ಹೇರಳವಾಗಿದ್ದಾರೆ, ಅವರಿಗೆ ಶಿಕ್ಷೆಯಾಗಲೇಬೇಕು. ಆದರೆ ಒಬ್ಬ ಚಾಲಕ ಜೈಲಿಗೆ ಹೋದ ಮೇಲೂ ಅದೇ ತಿರುವಿನಲ್ಲಿ ಮುಂದಿನ ವರ್ಷ ಇನ್ನೊಬ್ಬ ಸಾಯುತ್ತಾನೆಂದರೆ, ಅಲ್ಲಿ ಚಾಲಕರೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ಯಾವುದು ಎಂದು ಕೇಳಬೇಕಾಗುತ್ತದೆ.

ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಭಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯ ಉಂಟುಮಾಡಿದ ಐದು ಅಪಘಾತಗಳಾದರೆ, ಇಲ್ಲವೇ ಹತ್ತು ಸಾವುಗಳಾದರೆ, ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಬೇಕೆಂಬುದು ಸಚಿವಾಲಯದ ವ್ಯಾಖ್ಯಾನ. ಈ ವ್ಯಾಖ್ಯಾನದಿಂದ ಉಪಕಾರವಾಗಿದೆ ನಿಜ. ಆದರೆ ಒಂದು ಜಾಗ ಪಟ್ಟಿಗೆ ಸೇರುವ ಅರ್ಹತೆ ಪಡೆಯಲು ಅಷ್ಟು ಜನ ಮೊದಲು ಬೀಳಬೇಕು ಎಂಬುದನ್ನು ಯೋಚಿಸಿದರೆ ಮನಸ್ಸು ಕುಗ್ಗುತ್ತದೆ. ನಾನು ಕೇಳುವುದು ಮೊದಲ ಸಾವಿಗೇ ತಪಾಸಣೆಯಾಗಲಿ ಎಂದು. ಇದಕ್ಕೆ ಹೊಸ ವ್ಯವಸ್ಥೆಯನ್ನೇನೂ ಕಟ್ಟಬೇಕಾಗಿಲ್ಲ. ಐರಾಡ್ ಎಂಬ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯಲ್ಲಿ ಪೊಲೀಸರು ಅಪಘಾತದ ಸ್ಥಳವನ್ನು ಮೊಬೈಲಿನಿಂದಲೇ ದಾಖಲಿಸುತ್ತಾರೆ, ಅದೇ ದಾಖಲೆಗೆ ಹೆದ್ದಾರಿ, ಸಾರಿಗೆ ಮತ್ತು ಆರೋಗ್ಯ ಇಲಾಖೆಗಳೂ ತಮ್ಮ ತಮ್ಮ ಭಾಗ ತುಂಬುವ ವ್ಯವಸ್ಥೆ ಇದೆ. ಎಂಜಿನಿಯರ್ ತುಂಬಬೇಕಾದ ಭಾಗವನ್ನು ಕಚೇರಿಯಲ್ಲಿ ಕುಳಿತು ತುಂಬದೆ ಸ್ಥಳದಲ್ಲಿ ನಿಂತು ತುಂಬುವಂತೆ ತಾವು ಆದೇಶಿಸಿದರೆ ಅರ್ಧ ಕೆಲಸ ಮುಗಿದಂತೆ.

ಹಾಗೆ ಸ್ಥಳದಲ್ಲಿ ನಿಂತರೆ ಏನು ಕಾಣುತ್ತದೆ? ನಮ್ಮ ನಾಲ್ಕು ಪಥದ ರಸ್ತೆಗಳಲ್ಲಿ ಮೊದಲು ಕಾಣುವುದು ರಾಂಗ್ ಸೈಡಿನಲ್ಲಿ ಬರುವ ಬೈಕುಗಳು. ಇದನ್ನು ಕಂಡ ಕೂಡಲೇ ನಮ್ಮ ಜನರಿಗೆ ಬುದ್ಧಿಯಿಲ್ಲ ಎಂದು ತೀರ್ಪು ಕೊಡುವುದು ಸುಲಭ. ಆದರೆ ಹೆದ್ದಾರಿ ಬದಿಯ ಹಳ್ಳಿಯೊಂದರ ರೈತನ ಜಾಗದಲ್ಲಿ ನಿಂತು ನೋಡಬೇಕು. ರಸ್ತೆ ಅಗಲವಾಗುವ ಮೊದಲು ಅವನ ಮನೆ ಈಚೆ, ಹೊಲ ಆಚೆ ಇತ್ತು, ದಾಟಿದರೆ ಮುಗಿಯಿತು. ಈಗ ನಡುವೆ ವಿಭಜಕ ಬಂದಿದೆ, ತಿರುಗಿಸಿಕೊಳ್ಳುವ ಜಾಗ ದೂರದಲ್ಲಿದೆ, ಸರ್ವಿಸ್ ರಸ್ತೆ ಎಲ್ಲೋ ಶುರುವಾಗಿ ಎಲ್ಲೋ ನಿಂತುಹೋಗಿದೆ, ಅಂಡರ್‌ಪಾಸ್ ಇನ್ನೊಂದು ಊರಿನ ಹತ್ತಿರ ಇದೆ. ಹುಲ್ಲಿನ ಹೊರೆ ಕಟ್ಟಿಕೊಂಡ ಬೈಕಿನಲ್ಲಿ ಅವನು ಸುತ್ತಿ ಬರಬೇಕಾದ ದೂರಕ್ಕೂ, ಅಂಚಿನಲ್ಲೇ ಎದುರಾಗಿ ಹೋದರೆ ಆಗುವ ದೂರಕ್ಕೂ ಅಜಗಜಾಂತರ. ದಿನವೂ ನೂರಾರು ಜನ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುತ್ತಿದ್ದಾರೆಂದರೆ ಆ ತಪ್ಪಿನಲ್ಲಿ ವಿನ್ಯಾಸಕ್ಕೂ ಪಾಲಿದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಈಗಲೂ ನಂಬುತ್ತೇನೆ. ಕೆಲವು ಕಡೆ ವಿಭಜಕವನ್ನೇ ಒಡೆದು ಬೈಕು ನುಗ್ಗುವಷ್ಟು ಸಂದಿ ಮಾಡಿಕೊಂಡಿರುತ್ತಾರೆ. ಅದರ ಮುಂದೆ ಫಲಕವಿಲ್ಲ, ದೀಪವಿಲ್ಲ. ಬಲಬದಿಯ ಪಥದಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನವನಿಗೆ ಆ ಸಂದಿ ಇರುವುದೇ ತಿಳಿಯುವುದಿಲ್ಲ. ಅಂಥ ಸಂದಿಯನ್ನು ಮುಚ್ಚುವುದಕ್ಕೆ ಮುಂಚೆ ಅದನ್ನು ಒಡೆದವರು ಯಾರು, ಏಕೆ ಒಡೆದರು ಎಂದು ಗ್ರಾಮ ಪಂಚಾಯಿತಿಯವರನ್ನು ಕೂರಿಸಿಕೊಂಡು ಕೇಳಬೇಕು. ಸರ್ವಿಸ್ ರಸ್ತೆಯನ್ನು ಪೂರ್ತಿ ಮಾಡಿಕೊಡದೆ ಬರಿದೇ ಮುಚ್ಚಿದರೆ ಸ್ವಲ್ಪ ದೂರದಲ್ಲಿ ಇನ್ನೊಂದು ಸಂದಿ ಹುಟ್ಟುತ್ತದೆ.

ಇನ್ನು ಹಂಪ್ಸುಗಳ ವಿಷಯ. ಒಂದು ಸಾವಾದಾಗ ಊರವರು ರಸ್ತೆ ತಡೆ ಮಾಡುತ್ತಾರೆ, ಹಂಪ್ಸ್ ಹಾಕಿಸಿ ಎನ್ನುತ್ತಾರೆ, ಒಂದೆರಡು ದಿನದಲ್ಲಿ ಟಾರಿನದೋ ಕಾಂಕ್ರೀಟಿನದೋ ಒಂದು ದಿಬ್ಬ ಎದ್ದು ನಿಲ್ಲುತ್ತದೆ. ಮಗುವನ್ನು ಕಳೆದುಕೊಂಡ ಊರಿನ ಬೇಡಿಕೆ ಅದು, ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 99ನೇ ಸಂಹಿತೆಯಲ್ಲಿ ಸಾಮಾನ್ಯ ರಸ್ತೆ ಉಬ್ಬಿಗೆ ಹೇಳಿರುವ ಅಳತೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ವಾಹನ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕುಲುಕಾಟವಿಲ್ಲದೆ ದಾಟಿಹೋಗುವಂಥ ಆಕಾರ ಅದು. ನಮ್ಮ ಜಿಲ್ಲೆಯ ಒಳರಸ್ತೆಗಳಲ್ಲಿರುವ ಅನೇಕ ಹಂಪ್ಸುಗಳು ಒಂದು ಮೊಳ ಅಗಲವೂ ಇಲ್ಲದ ಕಡಿದಾದ ಗೋಡೆಗಳಂತಿವೆ. ಮುಂಚಿತವಾಗಿ ಎಚ್ಚರಿಸುವ ಫಲಕವಿಲ್ಲ, ಬಿಳಿ ಪಟ್ಟೆ ಬಳಿದಿದ್ದರೂ ಒಂದು ಮಳೆಗಾಲಕ್ಕೆ ಅಳಿಸಿಹೋಗಿರುತ್ತದೆ. ಆಲೂರು ಸಕಲೇಶಪುರದ ಕಡೆಯ ಜಡಿಮಳೆಯಲ್ಲಿ, ಮಾಗಿಯ ಬೆಳಗಿನ ಮಂಜಿನಲ್ಲಿ ಹೊಸಬನೊಬ್ಬ ಬೈಕಿನಲ್ಲಿ ಬಂದರೆ ಅದೇ ಹಂಪ್ಸು ಅವನನ್ನು ಎತ್ತಿ ಎಸೆಯುತ್ತದೆ. ಹಿಂದೆ ಕುಳಿತ ಹೆಂಗಸರು, ಅದರಲ್ಲೂ ಒಂದೇ ಕಡೆ ಕಾಲು ಹಾಕಿ ಕುಳಿತವರು, ಇಂಥ ಕಡೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಪ್ರಾಣ ಉಳಿಸಲೆಂದು ಕಟ್ಟಿದ್ದು ಪ್ರಾಣ ತೆಗೆಯಬಾರದು. ಜಿಲ್ಲೆಯ ಎಲ್ಲ ಹಂಪ್ಸುಗಳನ್ನೂ ಒಮ್ಮೆ ಅಳೆಯಿಸಿ, ಅಳತೆಗೆ ಸರಿಯಿಲ್ಲದ್ದನ್ನು ತೆಗೆಸಿ ಸರಿಯಾದದ್ದನ್ನು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ನಗರದೊಳಗಿನ ಬಿ.ಎಂ. ರಸ್ತೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ. ಇದು ಹುಟ್ಟಿದ್ದೇ ಬೆಂಗಳೂರು ಮಂಗಳೂರು ಹೆದ್ದಾರಿಯಾಗಿ. ಬೈಪಾಸ್ ಆದ ಮೇಲೆ ದೂರದ ಲಾರಿಗಳು ಬಹುಮಟ್ಟಿಗೆ ಊರ ಹೊರಗಿನಿಂದಲೇ ಹೋಗುತ್ತವೆ, ಆದರೂ ರಸ್ತೆಯ ರೂಪ ಹೆದ್ದಾರಿಯದ್ದೇ ಉಳಿದಿದೆ: ಅಗಲ, ನೇರ, ಕಾಲಿಟ್ಟರೆ ವೇಗ ತಾನಾಗಿ ಬರುವಂಥದ್ದು. ಅದರ ಎರಡೂ ಬದಿಯಲ್ಲಿ ಈಗ ಬಸ್ ನಿಲ್ದಾಣವಿದೆ, ರೈಲು ನಿಲ್ದಾಣವಿದೆ, ಹೋಟೆಲುಗಳು, ಕಲ್ಯಾಣ ಮಂಟಪಗಳು, ಆಸ್ಪತ್ರೆಗಳು, ಶೋರೂಮುಗಳಿವೆ. ಬೆಂಗಳೂರಿನ ದಿಕ್ಕಿಗೆ ಕೈಗಾರಿಕಾ ಪ್ರದೇಶವಿದೆ, ಅಲ್ಲಿ ಪಾಳಿ ಮುಗಿಸಿ ಹೊರಬರುವ ಹೆಣ್ಣುಮಕ್ಕಳು ಕತ್ತಲಾದ ಮೇಲೆ ರಸ್ತೆ ದಾಟಿ ಬಸ್ಸು ಹಿಡಿಯಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕೋಷ್ಟಕದ ಪ್ರಕಾರ ಚಾಲಕ ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಿ ಪೂರ್ತಿ ನಿಲ್ಲಲು, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸುಮಾರು 45 ಮೀಟರ್ ದೂರ ಬೇಕು, 60ರಲ್ಲಿ 80 ಮೀಟರ್, 80ರಲ್ಲಿ 120 ಮೀಟರ್. ನಿಂತ ಬಸ್ಸಿನ ಮುಂಭಾಗದಿಂದ ರಸ್ತೆಗೆ ಹೆಜ್ಜೆಯಿಟ್ಟ ವಿದ್ಯಾರ್ಥಿನಿಗೂ ಬರುತ್ತಿರುವ ಕಾರಿಗೂ ನಡುವೆ 80 ಮೀಟರ್ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಾಹನಗಳ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೂ ಮಾರಕ ಅಪಘಾತದ ಅಪಾಯ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ. 50ರ ವೇಗದ ಕಾರು ಬಡಿದಾಗ ಇರುವ ಸಾವಿನ ಅಪಾಯ 65ಕ್ಕೆ ಏರುವಷ್ಟರಲ್ಲಿ ನಾಲ್ಕೂವರೆ ಪಟ್ಟಾಗುತ್ತದೆ.

ಊರೊಳಗೆ 65ರಲ್ಲಿ ಹೋದವನು 40ರಲ್ಲಿ ಹೋದವನಿಗಿಂತ ಎಷ್ಟು ಬೇಗ ಮನೆ ಸೇರುತ್ತಾನೆ? ತಣ್ಣೀರುಹಳ್ಳದಿಂದ ಡೇರಿ ವೃತ್ತದವರೆಗಿನ ದೂರಕ್ಕೆ ಅದು ಕೆಲವೇ ನಿಮಿಷಗಳ ಮಾತು. ಮೋಟಾರು ವಾಹನ ಕಾಯ್ದೆ 1988ರ 112ನೇ ಕಲಂ ಸಾರ್ವಜನಿಕ ಸುರಕ್ಷತೆಯ ಕಾರಣಕ್ಕಾಗಿ ನಿರ್ದಿಷ್ಟ ರಸ್ತೆ ಅಥವಾ ಪ್ರದೇಶದಲ್ಲಿ ವೇಗದ ಮಿತಿಯನ್ನು ತಗ್ಗಿಸುವ ಅವಕಾಶ ಕೊಟ್ಟಿದೆ. ನಗರದೊಳಗಿನ ಬಿ.ಎಂ. ರಸ್ತೆ, ಬೇಲೂರು ರಸ್ತೆ, ಸಾಲಗಾಮೆ ರಸ್ತೆ, ಅರಸೀಕೆರೆ ರಸ್ತೆ, ಹೊಳೆನರಸೀಪುರ ರಸ್ತೆಗಳಲ್ಲಿ 40ರ ಮಿತಿಯನ್ನೂ, ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳ ಸುತ್ತ 30ರ ಮಿತಿಯನ್ನೂ ಅಧಿಸೂಚನೆಯ ಮೂಲಕ ಜಾರಿಗೆ ತರಬೇಕೆಂದು ಕೋರುತ್ತೇನೆ. ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲ ಎಂಬುದು ನನಗೂ ಗೊತ್ತು. ಪಥವನ್ನು ಬಿಳಿ ಗೆರೆಯಿಂದ ಕಿರಿದಾಗಿಸುವುದು, ದಾಟುವ ಜಾಗವನ್ನು ರಸ್ತೆಯ ಮಟ್ಟಕ್ಕಿಂತ ತುಸು ಎತ್ತರಿಸುವುದು, ದಾಟುವವರು ನಡುವೆ ನಿಲ್ಲಲು ವಿಭಜಕದಲ್ಲಿ ತಂಗುದಾಣ ಬಿಡುವುದು, ಕ್ಯಾಮೆರಾದಿಂದ ದಂಡ ಹಾಕುವುದು, ಇವು ಫಲಕದ ಜೊತೆಗೇ ಬರಬೇಕು.

ಸಾಲಗಾಮೆ ರಸ್ತೆಯ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವ ಈ ರಸ್ತೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಹುಡುಗರ ಬೈಕುಗಳ ಹೊಳೆ ಹರಿಯುತ್ತದೆ, ಹೆಲ್ಮೆಟ್ ಬಹಳ ಸಲ ಕನ್ನಡಿಗೆ ತೂಗುಬಿದ್ದಿರುತ್ತದೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಜನ ಹಿಂದೆ ಕುಳಿತವರು. ಕಾಯ್ದೆಯ 129ನೇ ಕಲಂ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಹೆಲ್ಮೆಟ್ ಧರಿಸಬೇಕೆನ್ನುತ್ತದೆ. ಅಪ್ಪ ಹೆಲ್ಮೆಟ್ ಹಾಕಿಕೊಂಡು, ಮುಂದೆ ಒಂದು ಹಿಂದೆ ಒಂದು ಮಗುವನ್ನು ಬರಿತಲೆಯಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಟ ದೃಶ್ಯ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದು ತಪ್ಪೆಂದೇ ತೋರುವುದಿಲ್ಲ. ಆ ಅಪ್ಪನಿಗೆ ಮಗು ಬೇಡವಾಗಿರುವುದಿಲ್ಲ, ಮಗುವಿನ ತಲೆಗೆ ಸರಿಹೊಂದುವ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಶಾಲೆಗಳ ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ ಇದನ್ನೂ ಹೇಳಿಸಬಹುದು. ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀಲಿ ಕೊಟ್ಟು ಅಪಘಾತವಾದರೆ 199ಎ ಕಲಂ ಪ್ರಕಾರ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಮತ್ತು ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದಾಗುವ ಶಿಕ್ಷೆಯಿದೆ ಎಂಬುದನ್ನೂ ಅಲ್ಲೇ ಓದಿ ಹೇಳಬೇಕು.

ನಡೆಯುವವರಿಗೆ ಜಾಗವೇ ಇಲ್ಲದಿರುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತಾವೇ ಒಂದು ಸಂಜೆ ಎನ್.ಆರ್. ವೃತ್ತದಿಂದ ಕಾಲ್ನಡಿಗೆಯಲ್ಲಿ ಹೊರಟರೆ ಸಾಕು. ಪಾದಚಾರಿ ಮಾರ್ಗ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂಬುದು ನಿಯಮ. ತಳ್ಳುಗಾಡಿಯವರನ್ನು ಓಡಿಸಿ ಅದನ್ನು ಸಾಧಿಸಬೇಡಿ, ಅವರಿಗೆ ಜಾಗ ಗುರುತಿಸಿಕೊಟ್ಟು ಸಾಧಿಸಿ ಎಂಬುದಷ್ಟೇ ನನ್ನ ವಿನಂತಿ.

ನಗರದಾಚೆಗೆ, ಸುಗ್ಗಿಯ ಕಾಲದಲ್ಲಿ, ಬೇರೆಯೇ ಅಪಾಯವಿದೆ. ರಾಗಿ, ಹುರುಳಿ, ಅವರೆಯನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವುದು ನಮ್ಮ ಜಿಲ್ಲೆಯಲ್ಲಿ ಹಳೆಯ ರೂಢಿ. ಹುರುಳಿಯ ಸೊಪ್ಪಿನ ಮೇಲೆ ಬೈಕಿನ ಚಕ್ರ ಜಾರುತ್ತದೆ, ರಾಶಿಗೆ ಅಡ್ಡವಿಟ್ಟ ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ, ಒಣ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತುವ ಅಪಾಯವೂ ಇದೆ. ಪ್ರತಿ ವರ್ಷ ಪೊಲೀಸರು ಒಕ್ಕಣೆ ಮಾಡಬಾರದೆಂದು ಎಚ್ಚರಿಸುತ್ತಾರೆ, ಪ್ರತಿ ವರ್ಷವೂ ಒಕ್ಕಣೆ ನಡೆಯುತ್ತದೆ. ಕಣ ಮಾಡಿಕೊಳ್ಳಲು ಜಾಗವೂ ಆಳುಗಳೂ ಇಲ್ಲದ ಸಣ್ಣ ರೈತನಿಗೆ ಪಂಚಾಯಿತಿಗೊಂದರಂತೆ ಕಾಂಕ್ರೀಟ್ ಕಣ ಕಟ್ಟಿಸಿಕೊಟ್ಟರೆ ರಸ್ತೆ ತಾನಾಗಿ ಖಾಲಿಯಾಗುತ್ತದೆ. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಒಕ್ಕಣೆ ಕಣವನ್ನು ಎಲ್ಲೆಲ್ಲಿ ಸೇರಿಸಬಹುದೆಂದು ಜಿಲ್ಲಾ ಪಂಚಾಯಿತಿ ನೋಡಬೇಕು. ಅದೇ ರೀತಿ ಆಲೂಗಡ್ಡೆ, ಜೋಳ, ಶುಂಠಿ ಹೇರಿಕೊಂಡು ರಾತ್ರಿ ಮಾರುಕಟ್ಟೆಗೆ ಹೊರಡುವ ಟ್ರ್ಯಾಕ್ಟರುಗಳ ಟ್ರೇಲರಿಗೆ ಹಿಂದೀಪವೇ ಇರುವುದಿಲ್ಲ. ಒಂದು ಟ್ರೇಲರಿಗೆ ಬೆಳಕು ಪ್ರತಿಫಲಿಸುವ ಕೆಂಪು ಪಟ್ಟಿ ಅಂಟಿಸಲು ಆಗುವ ವೆಚ್ಚ ಅತ್ಯಲ್ಪ. ಎಪಿಎಂಸಿ ಗೇಟಿನಲ್ಲಿಯೇ ಸಾರಿಗೆ ಇಲಾಖೆಯವರು ನಿಂತು, ದಂಡ ಹಾಕುವ ಬದಲು ಪಟ್ಟಿ ಅಂಟಿಸಿ ಕಳುಹಿಸಿದರೆ ಒಂದು ಹಂಗಾಮಿನಲ್ಲಿ ಜಿಲ್ಲೆಯ ಬಹುತೇಕ ಟ್ರೇಲರುಗಳು ಕತ್ತಲಲ್ಲಿ ಕಾಣುವಂತಾಗುತ್ತವೆ.

ಮರಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕಾರು ಮರಕ್ಕೆ ಬಡಿದು ಯಾರಾದರೂ ಸತ್ತಾಗ ಸಾಲುಮರಗಳನ್ನು ಕಡಿಯಬೇಕೆಂಬ ಸಲಹೆ ಬರುತ್ತದೆ. ದಯವಿಟ್ಟು ಅದಕ್ಕೆ ಕಿವಿಗೊಡಬೇಡಿ. ತಿರುವಿನ ಹೊರಬದಿಯ ಮರಗಳ ಮುಂದೆ ಲೋಹದ ತಡೆಪಟ್ಟಿ ಹಾಕಿಸಿ, ಉಳಿದವಕ್ಕೆ ಪ್ರತಿಫಲಕ ಅಳವಡಿಸಿ, ವೇಗ ತಗ್ಗಿಸಿ. ವಿಭಜಕ ಕಿರಿದಾಗಿರುವ ಕಡೆಗಳಲ್ಲಿಯೂ ಇಂಥ ತಡೆಪಟ್ಟಿ ಇದ್ದರೆ ಹತೋಟಿ ತಪ್ಪಿದ ವಾಹನ ಎದುರಿನ ಪಥಕ್ಕೆ ಹಾರುವುದು ಬಹುಮಟ್ಟಿಗೆ ತಪ್ಪುತ್ತದೆ.

ಮೊಸಳೆಹೊಸಹಳ್ಳಿಯ ದುರಂತದ ನಂತರ ಹೆದ್ದಾರಿಯಲ್ಲಿ ಸಾಗುವ ಮೆರವಣಿಗೆಗಳಿಗೆ ಒಂದು ಲಿಖಿತ ಕ್ರಮ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅನುಮತಿ ಪತ್ರ ಕೊಡುವಾಗಲೇ ಮೆರವಣಿಗೆ ಯಾವ ಹೊತ್ತಿಗೆ ಎಲ್ಲಿ ರಸ್ತೆ ಸೇರುತ್ತದೆ ಎಂದು ಬರೆಸಿಕೊಳ್ಳಬೇಕು. ಅದಕ್ಕೆ ಎರಡೂ ದಿಕ್ಕಿನಲ್ಲಿ ಕನಿಷ್ಠ ಅರ್ಧ ಕಿಲೋಮೀಟರ್ ಮೊದಲೇ ಮಿನುಗುವ ದೀಪ, ಬ್ಯಾರಿಕೇಡ್ ಇಟ್ಟು ವಾಹನಗಳನ್ನು ನಿಧಾನಗೊಳಿಸಬೇಕು, ಭಾರೀ ವಾಹನಗಳನ್ನು ಆ ಹೊತ್ತಿಗೆ ತಡೆಯಬೇಕು ಇಲ್ಲವೇ ಬೇರೆ ದಾರಿಗೆ ತಿರುಗಿಸಬೇಕು. ಇದು ಗಣೇಶನ ಹಬ್ಬಕ್ಕೆ ಮಾತ್ರವಲ್ಲ, ಊರ ಜಾತ್ರೆಗೂ ಧರ್ಮಸ್ಥಳಕ್ಕೆ ಸಾಲುಸಾಲಾಗಿ ಹೊರಡುವ ಪಾದಯಾತ್ರಿಗಳಿಗೂ ಅನ್ವಯಿಸಬೇಕು. ಜಿಲ್ಲಾಡಳಿತಕ್ಕೆ ಇದು ಅಸಾಧ್ಯವೆಂದು ಯಾರೂ ಹೇಳಲಾರರು. ಹಾಸನಾಂಬ ದೇವಿಯ ಬಾಗಿಲು ತೆರೆಯುವ ದಿನಗಳಲ್ಲಿ ಲಕ್ಷಗಟ್ಟಲೆ ಭಕ್ತರು ಈ ಸಣ್ಣ ಊರಿಗೆ ಬಂದು ಹೋಗುತ್ತಾರೆ. ಆಗ ಏಕಮುಖ ಸಂಚಾರ, ಊರ ಹೊರಗೆ ವಾಹನ ನಿಲುಗಡೆ, ಹೆಚ್ಚುವರಿ ಪೊಲೀಸರು, ಇಲಾಖೆಗಳ ನಡುವೆ ನಿತ್ಯದ ಸಭೆ, ಎಲ್ಲವೂ ನಡೆಯುತ್ತವೆ. ಆ ಹತ್ತು ಹದಿನೈದು ದಿನಗಳಲ್ಲಿ ಒಂದೇ ಮೇಜಿನ ಸುತ್ತ ಕೂರುವ ಇಲಾಖೆಗಳು ಉಳಿದ ದಿನಗಳಲ್ಲಿ ಇದು ಹೆದ್ದಾರಿ ಪ್ರಾಧಿಕಾರದ್ದು, ಇದು ಲೋಕೋಪಯೋಗಿಯದ್ದು, ಇದು ಪಂಚಾಯತ್ ರಾಜ್‌ನದ್ದು, ಇದು ನಗರಾಡಳಿತದ್ದು ಎಂದು ದಾರಿ ಹೋಕನನ್ನು ಕಚೇರಿಯಿಂದ ಕಚೇರಿಗೆ ಅಲೆಸುತ್ತವೆ. ಅವರೆಲ್ಲರನ್ನೂ ಒಟ್ಟಿಗೆ ಕೂರಿಸುವ ಅಧಿಕಾರ ಇರುವುದು ತಮ್ಮ ಕುರ್ಚಿಗೆ ಮಾತ್ರ.

ಗಾಯಗೊಂಡವರ ಬಗ್ಗೆ ಬರೆಯದಿದ್ದರೆ ಈ ಪತ್ರ ಅಪೂರ್ಣವಾಗುತ್ತದೆ. ಅಪಘಾತದ ನಂತರದ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆಯೇ ಸುವರ್ಣ ಗಂಟೆ ಎಂದು ಗುರುತಿಸಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ದೊರೆಯಬೇಕು. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಪೊಲೀಸರು ಸಾಕ್ಷಿ ಹೇಳಲು ಬಲವಂತಪಡಿಸುವಂತಿಲ್ಲ, ಆಸ್ಪತ್ರೆಯವರು ಹಣ ಕಟ್ಟಿಸಿಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿಯೇ ಈ ರಕ್ಷಣೆಯ ಮಾರ್ಗಸೂಚಿಗೆ ಮಾನ್ಯತೆ ನೀಡಿದೆ, ಕಾಯ್ದೆಯ 134ಎ ಕಲಂ ಕೂಡ ಅದನ್ನೇ ಹೇಳುತ್ತದೆ, ನಮ್ಮ ರಾಜ್ಯ ತನ್ನದೇ ಕಾನೂನನ್ನೂ ಮಾಡಿಕೊಂಡಿದೆ. ಸಕಾಲದಲ್ಲಿ ಗಾಯಾಳುವನ್ನು ಉಳಿಸಿದವರಿಗೆ 25,000 ರೂಪಾಯಿ ಗೌರವಧನವೂ ಇದೆ. ಆದರೂ ನಮ್ಮ ಜನ ಇಂದಿಗೂ ಕೋರ್ಟು ಕಚೇರಿ ಅಲೆದಾಟದ ಭಯದಿಂದ ಹತ್ತಿರ ಹೋಗಲು ಹಿಂಜರಿಯುತ್ತಾರೆ. ಈ ಹಕ್ಕುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪ್ರತಿ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ, ಹೆದ್ದಾರಿ ಬದಿಯ ಪ್ರತಿ ಪೆಟ್ರೋಲ್ ಬಂಕು, ಹೋಟೆಲುಗಳಿಗೆ ಹಾಕಿಸಬೇಕು. ಆಟೋ ಚಾಲಕರಿಗೆ, ಡಾಬಾ ಕೆಲಸಗಾರರಿಗೆ ರಕ್ತ ನಿಲ್ಲಿಸುವ, ಕುತ್ತಿಗೆ ಅಲುಗದಂತೆ ಎತ್ತುವ ತರಬೇತಿಯನ್ನು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರಿಂದ ಕೊಡಿಸಬಹುದು. ತಲೆಗೆ ತೀವ್ರ ಪೆಟ್ಟಾದವರನ್ನು ರಾತ್ರೋರಾತ್ರಿ ಬೆಂಗಳೂರಿಗೋ ಮೈಸೂರಿಗೋ ಕೊಂಡೊಯ್ಯುವ ಮನೆಯವರ ಗೋಳು ನಮ್ಮೂರಿಗೆ ಹೊಸದಲ್ಲ. ಬೆಂಗಳೂರು ಇಲ್ಲಿಂದ 180 ಕಿಲೋಮೀಟರಿಗೂ ಹೆಚ್ಚು ದೂರ, ಸುವರ್ಣ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ. ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರಿನಲ್ಲಿ ಹಗಲಿರುಳೂ ನರ ಶಸ್ತ್ರಚಿಕಿತ್ಸೆ ದೊರೆಯುವಂತೆ ಸರ್ಕಾರದ ಮುಂದೆ ಪ್ರಸ್ತಾವ ಇಡಬೇಕು.

ಕೊನೆಯದಾಗಿ ಹೊಣೆಗಾರಿಕೆಯ ಪ್ರಶ್ನೆ. 2019ರ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 198ಎ ಕಲಂ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಒಂದು ಜೀವಕ್ಕೆ ಒಂದು ಲಕ್ಷ ಎಂಬುದು ನನ್ನ ದೃಷ್ಟಿಯಲ್ಲಿ ತೀರ ಕಡಿಮೆ. ಆದರೂ ಆ ಕಲಂ ಪುಸ್ತಕದಲ್ಲಿದೆ ಎಂಬುದೇ ಮುಖ್ಯ, ಅದು ರಸ್ತೆಯನ್ನೂ ವಿಚಾರಣೆಗೆ ಒಳಪಡಿಸಬಹುದೆಂದು ಹೇಳುತ್ತದೆ. ಕೊಯಮತ್ತೂರಿನ ಮೂಳೆ ವೈದ್ಯರಾದ ಡಾ. ಎಸ್. ರಾಜಶೇಖರನ್ ಅವರು ತಮ್ಮ ಬಳಿ ಬರುವ ಗಾಯಾಳುಗಳ ಸ್ಥಿತಿ ಕಂಡು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್ 30ರಂದು ಕೊಟ್ಟ ನಿರ್ದೇಶನಗಳಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗಳ ರಚನೆಯೂ ಒಂದು. ಅಂಥ ಸಮಿತಿಯ ಅಧ್ಯಕ್ಷಸ್ಥಾನದಲ್ಲಿ ತಾವಿದ್ದೀರಿ.

ಆದ್ದರಿಂದ ಈ ಸಮಿತಿಯ ಪ್ರತಿ ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಜಿಲ್ಲೆಯ ಜಾಲತಾಣದಲ್ಲಿಯೂ ಎಲ್ಲ ತಾಲ್ಲೂಕು ಕಚೇರಿಗಳ ಸೂಚನಾ ಫಲಕದಲ್ಲಿಯೂ ಪ್ರಕಟಿಸಬೇಕೆಂದು ಕೋರುತ್ತೇನೆ. ಹಿಂದಿನ ತಿಂಗಳು ಎಲ್ಲೆಲ್ಲಿ ಸಾವುಗಳಾದವು, ಆ ಜಾಗಕ್ಕೆ ಯಾವ ದಿನ ಯಾವ ಎಂಜಿನಿಯರ್ ಹೋದರು, ಏನು ಕಂಡರು, ಏನು ಸರಿಪಡಿಸಲು ಎಷ್ಟು ದಿನ ಕೇಳಿದರು, ಹಿಂದೆ ಕೇಳಿದ ಗಡುವಿನಲ್ಲಿ ಯಾವುದು ಮುಗಿಯಿತು ಯಾವುದು ಉಳಿಯಿತು ಎಂಬುದು ಅದರಲ್ಲಿರಲಿ. ಸತ್ತವರ ಹೆಸರು ಬೇಕಾಗಿಲ್ಲ, ಜಾಗ ಮತ್ತು ದಿನಾಂಕ ಸಾಕು. ಸಮಿತಿಯ ಸಭೆಗೆ ಆಯಾ ತಾಲ್ಲೂಕಿನ ಒಬ್ಬ ಶಿಕ್ಷಕರು, ಒಬ್ಬ ಬಸ್ಸು ಅಥವಾ ಲಾರಿ ಚಾಲಕರು, ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡ ಒಬ್ಬರು ಬಂದು ಮಾತಾಡಲು ಅವಕಾಶ ಕೊಡಿ. ಚಾಲಕರಿಗೆ ಯಾವ ತಿರುವಿನಲ್ಲಿ ಏನು ಕಾಣುವುದಿಲ್ಲ ಎಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಪಾಸಣೆಗೆ ಎಂಜಿನಿಯರುಗಳ ಕೊರತೆಯಿದೆ ಎಂದಾದರೆ ಈ ಊರಿನ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಅಧ್ಯಾಪಕರೂ ಕೊನೆಯ ವರ್ಷದ ವಿದ್ಯಾರ್ಥಿಗಳೂ ಅಳತೆಪಟ್ಟಿ ಹಿಡಿದು ಬರಬಲ್ಲರು. ಅವರನ್ನು ಒಟ್ಟುಗೂಡಿಸುವ ಕೆಲಸವನ್ನು ಯಾವ ಸಂಭಾವನೆಯೂ ಇಲ್ಲದೆ ನಾನು ಮತ್ತು ನನ್ನಂಥ ನಿವೃತ್ತರು ಕೆಲವರು ವಹಿಸಿಕೊಳ್ಳಲು ಸಿದ್ಧರಿದ್ದೇವೆ.

ಸಮಿತಿಯ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಮಂಡಿಸಿ, ಅಲ್ಲಿ ಆದ ನಿರ್ಣಯವನ್ನು ಲಿಖಿತವಾಗಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರಿಂಗ್ ಅಧ್ಯಾಪಕ,
ಹಾಸನ